ಸನ್ನದಿನ ಶಾಲೆಗಳು, ಸಂಸ್ಥಾಪಕರ ಕಥೆಗಳು

ನಮ್ಮಲ್ಲಿ ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವುದಕ್ಕೆ ಒಂದು ರೂಢಿ ಬಿದ್ದುಹೋಗಿದೆ. ಸಂಸ್ಥೆಗೆ ಹತ್ತೋ ಇಪ್ಪತ್ತೈದೋ ವರ್ಷ ತುಂಬಿದಾಗ ಒಂದು ಸ್ಮರಣಸಂಚಿಕೆ ಹೊರಡುತ್ತದೆ. ಮೊದಲ ಪುಟದಲ್ಲಿ ಸಂಸ್ಥಾಪಕರ ಭಾವಚಿತ್ರ. ಅದರ ಹಿಂದೆ ಮಂತ್ರಿಮಹೋದಯರ ಸಂದೇಶಗಳು. ಅವುಗಳ ಹಿಂದೆ ಹಳೆಯ ವಿದ್ಯಾರ್ಥಿಗಳ ಸವಿನೆನಪು. ಹಂಚಿನ ಮನೆಯ ಜಗಲಿಯ ಮೇಲೆ ಒಂಬತ್ತು ಮಕ್ಕಳಿಂದ ಆರಂಭವಾದ ಶಾಲೆ ಈಗ ಹೆಮ್ಮರವಾಗಿ ಬೆಳೆದಿದೆ ಎಂಬ ವಾಕ್ಯ ಎಲ್ಲ ಸಂಚಿಕೆಗಳಲ್ಲಿಯೂ ಸಿಗುತ್ತದೆ. ಜಗಲಿಗೂ ಹೆಮ್ಮರಕ್ಕೂ ನಡುವೆ ನಡೆದದ್ದೇನು ಎಂಬುದು ಮಾತ್ರ ಯಾವುದರಲ್ಲಿಯೂ ಸಿಗುವುದಿಲ್ಲ. ಮೊದಲ ವರ್ಷದ ಬಾಡಿಗೆಯನ್ನು ಕೊಟ್ಟವರಾರು, ಬೇಸತ್ತು ಬಿಟ್ಟುಹೋದ ಮೇಷ್ಟರು ಎಷ್ಟು ಮಂದಿ, ಅರ್ಧಕ್ಕೇ ನಿಂತ ಮಕ್ಕಳು ಏನಾದರು, ಇವನ್ನೆಲ್ಲ ಕೇಳುವುದೇ ಅನುಚಿತವೆಂಬಂತೆ ಸಂಪಾದಕ ಮಂಡಲಿ ನಡೆದುಕೊಳ್ಳುತ್ತದೆ. ಅಂಥ ಲೇಖನವೊಂದನ್ನು ನಾನೂ ಬರೆದಿದ್ದೇನೆ. ಆ ಮಾತು ಮುಂದೆ ಬರುತ್ತದೆ.

ಈಗ ಇದನ್ನು ನೆನೆಯಲು ಕಾರಣವಾದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದುಕೊಟ್ಟ ಮೂರು ಪುಸ್ತಕಗಳು. ಆಕೆ ಕ್ಯಾಲಿಫೋರ್ನಿಯದ ಸಾನ್ ಹೊಸೆ ನಗರದಲ್ಲಿ ನೆಲೆಸಿ ಬಹಳ ವರ್ಷಗಳಾದುವು. ಅಲ್ಲಿ ಕೆಲವು ತಾಯಿತಂದೆಯರು ಸೇರಿ ಒಂದು ಚಾರ್ಟರ್ ಶಾಲೆಯನ್ನು ತೆರೆಯಬೇಕೆಂದು ಓಡಾಡಿದರಂತೆ. ಅರ್ಜಿಯ ಕರಡು ಸಿದ್ಧವಾಗಿ, ಸಹಿಗಳೂ ಕೂಡಿ, ಕಟ್ಟಡ ಸಿಗದೆ ಕೈಬಿಟ್ಟರಂತೆ. ಆ ಓಡಾಟದ ಕಾಲದಲ್ಲಿ ಕೊಂಡ ಪುಸ್ತಕಗಳು ಇವು. ಶಿಕ್ಷಣಶಾಸ್ತ್ರದ ದೃಷ್ಟಿಯಿಂದಲ್ಲ, ಕಥನದ ದೃಷ್ಟಿಯಿಂದ ಓದಿ ನೋಡಿ ಎಂದು ಹೇಳಿ ಕೊಟ್ಟಳು. ಹಾಗೆಯೇ ಓದಿದ್ದೇನೆ.

ಚಾರ್ಟರ್ ಶಾಲೆಯೆಂದರೆ ಏನೆಂಬುದನ್ನು ಮೊದಲು ಹೇಳಿಬಿಡಬೇಕು. ಸರ್ಕಾರದ ಹಣದಿಂದ ನಡೆಯುವ, ಆದರೆ ಸರ್ಕಾರ ನೇರವಾಗಿ ನಡೆಸದ ಶಾಲೆ ಅದು. ನಮ್ಮ ಅನುದಾನಿತ ಶಾಲೆಗಳನ್ನು ಇಲ್ಲಿ ನೆನೆಯಬಹುದು. ಆದರೆ ಹೋಲಿಕೆ ಬಹಳ ದೂರ ಬರುವುದಿಲ್ಲ. ನಮ್ಮಲ್ಲಿ ಸರ್ಕಾರ ಕೊಡುವುದು ಮೇಷ್ಟರ ಸಂಬಳವನ್ನು. ಅಲ್ಲಿ ಹಣ ಬರುವುದು ಮಗುವಿನ ತಲೆಯೆಣಿಕೆಯ ಮೇಲೆ. ಕ್ಯಾಲಿಫೋರ್ನಿಯದಲ್ಲಂತೂ ದಿನದಿನದ ಹಾಜರಿಯನ್ನು ಲೆಕ್ಕ ಹಾಕಿ ಕೊಡುತ್ತಾರೆ. ಮಗುವಿಗೆ ಜ್ವರ ಬಂದರೆ ಶಾಲೆಯ ಬೊಕ್ಕಸಕ್ಕೂ ತುಸು ನೆಗಡಿ. ಶುಲ್ಕ ತೆಗೆದುಕೊಳ್ಳುವಂತಿಲ್ಲ. ಸ್ಥಳಕ್ಕಿಂತ ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಬೇಕು. ಏನನ್ನು ಹೇಗೆ ಕಲಿಸಬೇಕೆಂಬುದರಲ್ಲಿ ಬಹುಮಟ್ಟಿಗೆ ಸ್ವಾತಂತ್ರ್ಯವುಂಟು. ಅದಕ್ಕೆ ಪ್ರತಿಯಾಗಿ, ಇಷ್ಟು ವರ್ಷಗಳಲ್ಲಿ ಇಷ್ಟನ್ನು ಸಾಧಿಸುತ್ತೇವೆಂದು ಬರೆದುಕೊಟ್ಟು ಒಂದು ಸನ್ನದನ್ನು ಪಡೆಯಬೇಕು. ಮಾತು ನಡೆಸದಿದ್ದರೆ ಸನ್ನದು ಹೋಗುತ್ತದೆ, ಶಾಲೆ ಮುಚ್ಚುತ್ತದೆ.

ಚಾರ್ಟರ್ ಎಂಬುದಕ್ಕೆ ಸನ್ನದು ಎಂಬ ನಮ್ಮ ಹಳೆಯ ಕಚೇರಿಯ ಮಾತು ಚೆನ್ನಾಗಿ ಒಪ್ಪುತ್ತದೆ. ಶಾಸನ ಎಂದರೆ ಒಪ್ಪದು. ನಮ್ಮ ಶಾಸನಗಳಲ್ಲಿಯೂ ವಿದ್ಯೆಗೆ ಬಿಟ್ಟ ದತ್ತಿಗಳ ಮಾತು ಬೇಕಾದಷ್ಟಿದೆ; ವಿಜಯಪುರ ಸೀಮೆಯ ಸಾಲೋಟಗಿಯ ಹತ್ತನೆಯ ಶತಮಾನದ ಶಾಸನದಲ್ಲಿ ಶಾಲೆಗೂ ವಿದ್ಯಾರ್ಥಿಗಳ ವಸತಿಗೂ ಕೊಟ್ಟ ಭೂಮಿಯ ವಿವರವುಂಟು. ಆದರೆ ಆ ದತ್ತಿಗಳೆಲ್ಲ ಚಂದ್ರಸೂರ್ಯರಿರುವವರೆಗೆ, ಅಳಿದವನಿಗೆ ಶಾಪ. ಅಮೆರಿಕದ ಸನ್ನದು ಸಾಮಾನ್ಯವಾಗಿ ಐದು ವರ್ಷಕ್ಕೆ; ಅದನ್ನು ಅಳಿಯುವ ಅಧಿಕಾರ ಕೊಟ್ಟವನಿಗೇ ಇದೆ. ದಾನಿಯ ಹೆಸರು ನಿಲ್ಲಬೇಕೆಂದು ಕಲ್ಲಿನಲ್ಲಿ ಕೊರೆಸಿದ್ದು ಒಂದು. ಕೆಲಸ ನಡೆಯಬೇಕೆಂದು ಕಾಗದದಲ್ಲಿ ಬರೆಸಿಕೊಂಡದ್ದು ಇನ್ನೊಂದು.

ಈ ಏರ್ಪಾಡಿನ ಹುಟ್ಟಿನಲ್ಲಿಯೇ ಒಂದು ವಿಡಂಬನೆಯಿದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ರೇ ಬಡ್ ಎಂಬ ಪ್ರಾಧ್ಯಾಪಕರು ಮೊದಲು ಆಡಿದ ಈ ಮಾತನ್ನು 1988ರಲ್ಲಿ ಎತ್ತಿಹಿಡಿದವರು ಆಲ್ಬರ್ಟ್ ಶ್ಯಾಂಕರ್. ಅವರು ಅಮೆರಿಕದ ಶಿಕ್ಷಕರ ಒಕ್ಕೂಟದ ಅಧ್ಯಕ್ಷರು. ಮೇಷ್ಟರುಗಳೇ ಕೂಡಿ ಹೊಸ ಬಗೆಯ ಶಾಲೆಗಳನ್ನು ಪ್ರಯೋಗವಾಗಿ ನಡೆಸಿ ನೋಡಲಿ ಎಂಬುದು ಅವರ ಆಶಯ. 1991ರಲ್ಲಿ ಮಿನೆಸೋಟ ಸಂಸ್ಥಾನ ಇದಕ್ಕೆ ಮೊದಲ ಕಾನೂನನ್ನು ಮಾಡಿತು. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಶ್ಯಾಂಕರ್ ಈ ಶಾಲೆಗಳ ಕಟುವಿಮರ್ಶಕರಾದರು. ಮೇಷ್ಟರುಗಳ ಪ್ರಯೋಗಶಾಲೆಯೆಂದು ಅವರು ಬಗೆದದ್ದು ಮೇಷ್ಟರ ಸಂಘಗಳಿಗೆ ಪ್ರತಿಸ್ಪರ್ಧಿಯಾಗಿ ಬೆಳೆಯಿತು. ಈಗ ಆ ದೇಶದಲ್ಲಿ ಇಂಥ ಶಾಲೆಗಳು ಏಳು ಸಾವಿರಕ್ಕೂ ಮಿಕ್ಕಿವೆ. ಅವುಗಳ ಸುತ್ತ ಒಂದು ಸಾಹಿತ್ಯವೂ ಬೆಳೆದಿದೆ.

ಆ ಸಾಹಿತ್ಯದಲ್ಲಿ ಅತ್ಯಂತ ಜನಪ್ರಿಯವಾದುದು ಜೇ ಮ್ಯಾಥ್ಯೂಸ್ 2009ರಲ್ಲಿ ಪ್ರಕಟಿಸಿದ 'ವರ್ಕ್ ಹಾರ್ಡ್, ಬಿ ನೈಸ್'. ಮ್ಯಾಥ್ಯೂಸ್ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಶಿಕ್ಷಣದ ವರದಿಗಾರರಾಗಿ ಹೆಸರು ಮಾಡಿದವರು. ಮೈಕ್ ಫೀನ್‌ಬರ್ಗ್, ಡೇವ್ ಲೆವಿನ್ ಎಂಬ ಇಬ್ಬರು ತರುಣರು 1992ರಲ್ಲಿ ಹ್ಯೂಸ್ಟನ್ ನಗರದ ಬಡ ಮಕ್ಕಳ ಶಾಲೆಗಳಿಗೆ ಮೇಷ್ಟರಾಗಿ ಬಂದು, ಮೊದಲ ವರ್ಷ ತರಗತಿಯನ್ನು ಹಿಡಿತದಲ್ಲಿಡಲಾರದೆ ಸೋತು, 1994ರಲ್ಲಿ ಐದನೆಯ ತರಗತಿಯ ಐವತ್ತರಷ್ಟು ಮಕ್ಕಳೊಡನೆ 'ಕಿಪ್' ಎಂಬ ಪ್ರಯೋಗವನ್ನು ಆರಂಭಿಸಿದ ಕಥೆ ಅದರಲ್ಲಿದೆ. ಬೆಳಗಿನ ಏಳೂವರೆಯಿಂದ ಸಂಜೆ ಐದರವರೆಗೆ ಪಾಠ, ಶನಿವಾರಗಳಲ್ಲಿಯೂ ಪಾಠ, ಬೇಸಗೆಯ ರಜೆಯಲ್ಲಿಯೂ ಪಾಠ, ರಾತ್ರಿ ಲೆಕ್ಕ ಬಾರದಿದ್ದರೆ ಮೇಷ್ಟರ ಮನೆಗೆ ದೂರವಾಣಿ. ಮುಂದೆ ಗ್ಯಾಪ್ ಬಟ್ಟೆ ಅಂಗಡಿಗಳ ಒಡೆಯರಾದ ಫಿಷರ್ ದಂಪತಿಗಳ ಹಣದ ನೆರವು ದೊರೆತು ಕಿಪ್ ದೇಶದ ತುಂಬ ಹರಡಿತು.

ಪುಸ್ತಕ ಓದಿಸಿಕೊಂಡು ಹೋಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಚಿಕ್ಕ ಚಿಕ್ಕ ಅಧ್ಯಾಯಗಳು, ಒಂದೊಂದರಲ್ಲಿಯೂ ಒಂದು ಸಾಹಸ. ಶಾಲೆಗೆ ಕೊಠಡಿಗಳು ಬೇಕಾದಾಗ ಫೀನ್‌ಬರ್ಗ್ ಮೇಲಧಿಕಾರಿಯ ಮೋಟಾರಿನ ಬಳಿಯೇ ಕಾದು ಕುಳಿತು ಹಿಡಿದದ್ದು ಒಂದು ಸಾಹಸ. ಮನೆಪಾಠ ಬಿಟ್ಟು ಟೆಲಿವಿಷನ್ ನೋಡುವ ಹುಡುಗಿಯ ಮನೆಗೆ ಹೋಗಿ ಆ ಟೆಲಿವಿಷನ್ನನ್ನೇ ಹೊತ್ತು ತಂದದ್ದು ಇನ್ನೊಂದು. ಈ ಎರಡನೆಯ ಪ್ರಸಂಗದ ಬಳಿ ನಾನು ನಿಂತೆ. ಮ್ಯಾಥ್ಯೂಸರು ಅದನ್ನು ನಗೆಯೊಡನೆ, ಮೇಷ್ಟರ ಹಟಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಸರಿಯೇ. ಆದರೆ ಪೆಟ್ಟಿಗೆ ಹೋದಮೇಲೆ ಆ ಮನೆಯ ನಡುಮನೆ ಹೇಗಿತ್ತು? ದಿನವಿಡೀ ದುಡಿದು ಬಂದ ತಾಯಿ ಆ ರಾತ್ರಿ ಏನು ಮಾಡಿದಳು? ಕಥೆಗಾರ ಮೇಷ್ಟರೊಡನೆ ಬಾಗಿಲು ದಾಟಿ ಹೊರಟುಬಿಡುತ್ತಾನೆ. ತಾಯಿಯೊಡನೆ ಒಂದು ಗಳಿಗೆ ನಿಲ್ಲುವುದಿಲ್ಲ. ಒಳ್ಳೆಯ ಕಾದಂಬರಿಕಾರ ನಿಲ್ಲುತ್ತಿದ್ದ.

ಹ್ಯಾರಿಯೆಟ್ ಬಾಲ್ ಎಂಬಾಕೆಯ ವಿಷಯದಲ್ಲಿಯೂ ನನಗೆ ಹೀಗೆಯೇ ಅನ್ನಿಸಿತು. ಆಕೆ ಹ್ಯೂಸ್ಟನ್ನಿನ ಕರಿಯ ಜನಾಂಗದ ಹಿರಿಯ ಉಪಾಧ್ಯಾಯಿನಿ. ಮಗ್ಗಿಗಳನ್ನು ಹಾಡು ಕಟ್ಟಿ, ಚಪ್ಪಾಳೆ ತಟ್ಟಿ ಕಲಿಸುತ್ತಿದ್ದರು. ಈ ತರುಣರು ಕಲಿಸುವುದನ್ನು ಕಲಿತದ್ದು ಆಕೆಯ ತರಗತಿಯಲ್ಲಿ ಕುಳಿತು. ಕಿಪ್ ಎಂಬ ಹೆಸರೂ ಆಕೆಯ ಹಾಡೊಂದರಿಂದ ಬಂದದ್ದು. ಮ್ಯಾಥ್ಯೂಸರು ಇದನ್ನು ಮರೆಮಾಚಿಲ್ಲ, ಕೃತಜ್ಞತೆಯಿಂದಲೇ ಬರೆದಿದ್ದಾರೆ. ಆದರೂ ಕಥೆಯ ಕಟ್ಟಿನಲ್ಲಿ ಆಕೆ ವೀರರಿಗೆ ಅಸ್ತ್ರವನ್ನು ಕೊಟ್ಟು ಮರೆಯಾಗುವ ಋಷಿಯ ಸ್ಥಾನದಲ್ಲಿ ನಿಲ್ಲುತ್ತಾರೆ. ಅಸ್ತ್ರ ಕೊಟ್ಟವರು ತಾವೇ ಏಕೆ ಶಾಲೆ ತೆರೆಯಲಿಲ್ಲ? ತೆರೆಯಬೇಕಾದರೆ ಯಾವ ಅನುಕೂಲಗಳು, ಯಾರ ಪರಿಚಯ, ಎಷ್ಟು ನಿದ್ದೆಗೇಡು, ಹೆಗಲ ಮೇಲೆ ಸಂಸಾರದ ಹೊರೆಯಿಲ್ಲದ ಯಾವ ವಯಸ್ಸು ಬೇಕು? ಶಾಲೆಯನ್ನು ತೆರೆಯುವ ಕಷ್ಟವೆಂದರೆ ಇದೇ ಅಲ್ಲವೇ?

ಪುಸ್ತಕ ಬಂದ ಮೇಲಿನ ಸಂಗತಿಗಳನ್ನೂ ಹೇಳಬೇಕು. 2018ರಲ್ಲಿ ಕಿಪ್ ಸಂಸ್ಥೆಯೇ ದುರ್ವರ್ತನೆಯ ಆರೋಪಗಳ ವಿಚಾರಣೆಯ ಬಳಿಕ ಫೀನ್‌ಬರ್ಗರನ್ನು ಕೆಲಸದಿಂದ ತೆಗೆಯಿತು. ಅವರು ಆರೋಪಗಳನ್ನು ನಿರಾಕರಿಸಿದರು. 2020ರಲ್ಲಿ ಸಂಸ್ಥೆ 'ಕಷ್ಟಪಟ್ಟು ದುಡಿ, ಒಳ್ಳೆಯವನಾಗಿರು' ಎಂಬ ತನ್ನ ಘೋಷವಾಕ್ಯವನ್ನು ಕೈಬಿಟ್ಟಿತು. ವರ್ಣಭೇದದಿಂದ ನೊಂದ ಮಕ್ಕಳಿಗೆ ಬರಿಯ ವಿಧೇಯತೆಯನ್ನು ಉಪದೇಶಿಸಿದಂತಾಗುತ್ತದೆ ಎಂಬ ಟೀಕೆ ಅದರ ಹಿಂದಿತ್ತು. ಮುಖಪುಟದ ಮೇಲೆ ಆ ಘೋಷವನ್ನೇ ಹೆಸರಾಗಿ ಹೊತ್ತ ಪುಸ್ತಕ ಇದರಿಂದ ಅನಾಥವಾಯಿತು. ಬದುಕಿರುವವರ ಪುರಾಣವನ್ನು ಬರೆಯುವವರಿಗೆ ಈ ಅಪಾಯ ಯಾವಾಗಲೂ ಇದ್ದದ್ದೇ. ನಮ್ಮ ಅಭಿನಂದನ ಗ್ರಂಥಗಳ ಸಂಪಾದಕರಿಗೆ ಇದು ತಿಳಿಯದ ಸಂಗತಿಯೇನಲ್ಲ.

ಎರಡನೆಯ ಗ್ರಂಥ ಜೋನ್ ಜೇಕಬ್ಸ್ ಎಂಬ ಲೇಖಕಿಯ 'ಅವರ್ ಸ್ಕೂಲ್'. 2005ರಲ್ಲಿ ಬಂದದ್ದು; ಅಷ್ಟು ಪ್ರಸಿದ್ಧವಲ್ಲ. ಮೂರರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಇದು. ಜೇಕಬ್ಸ್ ಸಾನ್ ಹೊಸೆಯ ಪತ್ರಿಕೆಯಲ್ಲಿ ಅಂಕಣಕಾರ್ತಿಯಾಗಿದ್ದವರು. ಈ ಪುಸ್ತಕಕ್ಕಾಗಿ ಕೆಲಸ ಬಿಟ್ಟು, ತಾವು ಬರೆಯಬೇಕಾದ ಶಾಲೆಯಲ್ಲಿಯೇ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡುತ್ತ ಕುಳಿತವರು. ಆ ಶಾಲೆ ಗ್ರೆಗ್ ಲಿಪ್‌ಮನ್, ಜೆನಿಫರ್ ಆಂಡಲೂಜ್ ಎಂಬ ಇಬ್ಬರು ಉಪಾಧ್ಯಾಯರು 2000ದಲ್ಲಿ ತೆರೆದ 'ಡೌನ್‌ಟೌನ್ ಕಾಲೇಜ್ ಪ್ರೆಪ್'.

ಸಾನ್ ಹೊಸೆ ಎಂದರೆ ನಮ್ಮ ಓದುಗರಲ್ಲಿ ಅನೇಕರಿಗೆ ಮಗನೋ ಸೊಸೆಯೋ ಇರುವ ಊರು. ಕಂಪ್ಯೂಟರು, ಕನ್ನಡ ಕೂಟ, ಕೋಟಿಗಳ ಬೆಲೆಯ ಮನೆಗಳು. ಜೇಕಬ್ಸರ ಪುಸ್ತಕದಲ್ಲಿರುವುದು ಅದೇ ಊರಿನ ಇನ್ನೊಂದು ಮುಖ. ಮೆಕ್ಸಿಕೋದಿಂದ ಬಂದು ಅಡುಗೆಯವರಾಗಿ, ಕಸ ಗುಡಿಸುವವರಾಗಿ, ತೋಟ ಕೆಲಸದವರಾಗಿ ದುಡಿಯುವವರ ಮಕ್ಕಳು ಈ ಶಾಲೆಯ ವಿದ್ಯಾರ್ಥಿಗಳು. ಅವರಲ್ಲಿ ಬಹಳ ಮಂದಿ ಒಂಬತ್ತನೆಯ ತರಗತಿಗೆ ಬಂದಾಗ ಓದುವ ಶಕ್ತಿಯಲ್ಲಿ ಮೂರು ನಾಲ್ಕು ವರ್ಷ ಹಿಂದೆ ಬಿದ್ದಿದ್ದರು. ಸಂಸ್ಥಾಪಕರು ಬೇಕೆಂದೇ ಇಂಥವರನ್ನು ಹುಡುಕಿ ಕರೆತಂದರು. ಒಳ್ಳೆಯ ಮಕ್ಕಳನ್ನು ಆರಿಸಿಕೊಂಡು ಒಳ್ಳೆಯ ಫಲಿತಾಂಶ ತೋರಿಸುವುದು ಯಾವ ಕಾಲಕ್ಕೂ ಸುಲಭ. ಇವರು ತಮ್ಮ ಸನ್ನದಿನ ಮಾತನ್ನು ತಾವೇ ಕಠಿಣ ಮಾಡಿಕೊಂಡರು. ಎಲ್ಲರನ್ನೂ ನಾಲ್ಕು ವರ್ಷದ ಕಾಲೇಜು ಶಿಕ್ಷಣಕ್ಕೆ ಕಳುಹಿಸುತ್ತೇವೆಂದು ಮಾತು ಕೊಟ್ಟರು.

ಸ್ವಂತ ಕಟ್ಟಡವಿರಲಿಲ್ಲ, ಶಾಲೆ ನಡೆದದ್ದು ಎರವಿನ ಕೊಠಡಿಗಳಲ್ಲಿ. ಚಾರ್ಟರ್ ಶಾಲೆಗಳಿಗೆ ಕಟ್ಟಡವನ್ನು ಒದಗಿಸುವುದು ಜಿಲ್ಲೆಯ ಶಾಲಾ ಮಂಡಲಿಗಳ ಹೊಣೆ ಎಂದು ಕ್ಯಾಲಿಫೋರ್ನಿಯದ ಮತದಾರರು ತೀರ್ಮಾನಿಸಿದ್ದೇ 2000ದ ನವೆಂಬರಿನಲ್ಲಿ. ತೀರ್ಮಾನವಾಗಿದ್ದರೂ ಕೊಠಡಿ ಸಿಕ್ಕುವುದು ಈಗಲೂ ಸುಲಭವಲ್ಲ ಎಂಬುದಕ್ಕೆ ನನ್ನ ವಿದ್ಯಾರ್ಥಿನಿಯೇ ಸಾಕ್ಷಿ. ಅಲ್ಲಿ ಸನ್ನದಿಗೆ ಅರ್ಜಿ ಹಾಕಬೇಕಾದರೆ ಮೊದಲ ವರ್ಷ ನಿರೀಕ್ಷಿಸುವ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ತಾಯಿತಂದೆಯರೋ, ಬೇಕಾಗುವ ಮೇಷ್ಟರಲ್ಲಿ ಅರ್ಧದಷ್ಟು ಮಂದಿಯೋ ಸಹಿ ಹಾಕಿರಬೇಕು. ಇಲ್ಲದ ಶಾಲೆಗೆ, ಇಲ್ಲದ ಕಟ್ಟಡದಲ್ಲಿ, ಇರುವ ಮಗುವನ್ನು ಕಳುಹಿಸುತ್ತೇವೆಂದು ಸಹಿ! ಶಾಲೆ ತೆರೆಯುವವರ ಮೊದಲ ಕೆಲಸ ಪಾಠ ಹೇಳುವುದಲ್ಲ, ನಂಬಿಸುವುದು.

ಜೇಕಬ್ಸರ ಹೆಚ್ಚಳ ಎಲ್ಲಿದೆಯೆಂದರೆ, ಆಕೆ ಸೋಲನ್ನು ಬರೆಯುತ್ತಾರೆ. ಮೊದಲು ಹಾಕಿಕೊಂಡ ಪಾಠಕ್ರಮ ಈ ಮಕ್ಕಳಿಗೆ ನಿಲುಕದೆ ಹೋಯಿತು. ಬೀಜಗಣಿತಕ್ಕೆ ಹೋಗುವ ಮುಂಚೆ ಭಿನ್ನರಾಶಿಯನ್ನೇ ಕಲಿಸಬೇಕಾಯಿತು. ಹಿಡಿದ ದಾರಿ ತಪ್ಪೆಂದು ಕಂಡರೆ ಬಿಟ್ಟುಕೊಟ್ಟು ಬೇರೆ ದಾರಿ ಹಿಡಿದರು. ಅನುತ್ತೀರ್ಣರಾದವರು ಅದೇ ತರಗತಿಯಲ್ಲಿ ನಿಂತರು; ಕೆಲವರು ಬಿಟ್ಟುಹೋದರು. ಮಕ್ಕಳಿಗೆ ಸುಳ್ಳು ಹೊಗಳಿಕೆಯನ್ನು ಹಂಚುವ ಪದ್ಧತಿ ಆ ಶಾಲೆಯಲ್ಲಿರಲಿಲ್ಲ. ನೀನು ಹಿಂದೆ ಬಿದ್ದಿದ್ದೀಯೆ, ದುಡಿದರೆ ಮುಂದೆ ಬರಬಹುದು ಎಂದು ನೇರವಾಗಿ ಹೇಳುತ್ತಿದ್ದರು. ಪುಸ್ತಕದ ಶೈಲಿಯಲ್ಲಿಯೂ ಇದೇ ಗುಣವಿದೆ. ಸಂಸ್ಥಾಪಕರಿಗೂ ಲೇಖಕಿ ಸುಳ್ಳು ಹೊಗಳಿಕೆಯನ್ನು ಹಂಚಿಲ್ಲ. ಪತ್ರಿಕೆಯ ಅಂಕಣದ ಚುರುಕು ಕೆಲವೆಡೆ ಅತಿಯಾಗುತ್ತದೆ. ಮಕ್ಕಳ ಕಥೆಗಳು ಒಂದರ ಮೇಲೊಂದು ಬಂದು ಯಾರು ಯಾರೆಂಬುದು ಮರೆತುಹೋಗುತ್ತದೆ. ಆದರೆ ಈ ಮರೆವೂ ತರಗತಿಯ ಅನುಭವಕ್ಕೆ ಹತ್ತಿರವಾದುದೇ. ಐವತ್ತು ಮಕ್ಕಳಲ್ಲಿ ನಮಗೆ ನೆನಪಿರುವವರು ಎಷ್ಟು ಮಂದಿ?

ಈ ಶಾಲೆಯ ಗೋಡೆಗಳಲ್ಲಿಯೂ ಮಾತಿನಲ್ಲಿಯೂ ಮತ್ತೆ ಮತ್ತೆ ಬರುವ ಸ್ಪ್ಯಾನಿಷ್ ಪದ 'ಗಾನಾಸ್'. ಪೂರ್ವ ಲಾಸ್ ಏಂಜಲೀಸಿನಲ್ಲಿ ಬಡ ಮಕ್ಕಳಿಗೆ ಉನ್ನತ ಗಣಿತವನ್ನು ಕಲಿಸಿ ಪ್ರಖ್ಯಾತರಾದ ಹೈಮೆ ಎಸ್ಕಲಾಂಟೆಯವರಿಂದ ಇದು ಅಮೆರಿಕದ ಶಾಲೆಗಳಲ್ಲಿ ಪ್ರಚುರವಾಯಿತು. 1988ರಲ್ಲಿ ಅವರನ್ನು ಕುರಿತು ಬಂದ ಚಲನಚಿತ್ರವೂ ಅದನ್ನು ಹರಡಿತು. ಮ್ಯಾಥ್ಯೂಸರ ಮೊದಲ ಕಥಾನಾಯಕರೂ ಆ ಎಸ್ಕಲಾಂಟೆಯವರೇ ಎಂಬುದು ಸ್ವಾರಸ್ಯದ ಸಂಗತಿ. ಇದಕ್ಕೆ ಕನ್ನಡವೇನು? ಛಲ ಎನ್ನಬಹುದೆಂದು ಮೊದಲು ತೋರಿತು. ಆದರೆ ನಮ್ಮ ಹಳಗನ್ನಡ ಕವಿಗಳು ಛಲವನ್ನು ದುರ್ಯೋಧನನಿಗೆ ಸಲ್ಲಿಸಿದ್ದಾರೆ. ಅದು ಸೋಲುವಾಗಲೂ ಬಾಗದವನ ಗುಣ. ಹಂಬಲ ಎಂದರೆ ಕೈಕಟ್ಟಿ ಕುಳಿತವನಿಗೂ ಸಲ್ಲುತ್ತದೆ. ಆಸೆ ತೀರ ಸಡಿಲ. ಹಸಿವು ಎಂದರೆ ಹತ್ತಿರ ಬಂದೀತು. ಉಣ್ಣುವ ಬಯಕೆಯೂ ಉಣ್ಣುವ ಬಲವೂ ಎರಡೂ ಸೇರಿದ ಹಸಿವು. ನನ್ನ ಸಹೋದ್ಯೋಗಿಯೊಬ್ಬರು 'ಮನಸ್ಸು ಮಾಡುವುದು' ಎಂದರು. ಅದೇ ಸರಿಯಿರಬಹುದು, ಆದರೆ ಗೋಡೆಯ ಮೇಲೆ ಬರೆದರೆ ಚೆನ್ನಾಗಿ ಕಾಣದು.

ಈಗ ನನ್ನ ಲೇಖನದ ಮಾತು. ಎಂ.ಎ. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದಾಗ ತಾಲ್ಲೂಕು ಕೇಂದ್ರವೊಂದರಲ್ಲಿ ಆಗತಾನೆ ತೆರೆದ ಪ್ರೌಢಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿದೆ. ಶಾಲೆ ಇದ್ದದ್ದು ಭತ್ತದ ಗಿರಣಿಯ ಗೋದಾಮಿನಲ್ಲಿ. ಮಳೆಗಾಲದಲ್ಲಿ ತಗಡಿನ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ಆಗ ಕರಿಹಲಗೆಯ ಮೇಲೆ ಬರೆದೇ ಎಲ್ಲವನ್ನೂ ನಡೆಸುತ್ತಿದ್ದೆವು. ಸಂಬಳದ ಪುಸ್ತಕದಲ್ಲಿ ಸಹಿ ಹಾಕಿದ ಮೊತ್ತ ಒಂದು, ಕೈಗೆ ಬಂದದ್ದು ಇನ್ನೊಂದು. ಎರಡನೆಯ ವರ್ಷ ಎಂಟು ತಿಂಗಳು ಅದೂ ಬರಲಿಲ್ಲ. ಗಣಿತದ ಮೇಷ್ಟರು ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟರು. ಏಳು ಮಂದಿಯಲ್ಲಿ ನಾವು ಐವರು ಬಿಟ್ಟೆವು. ಶಾಲೆ ಉಳಿಯಿತು. ದಶಮಾನೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ನಾನು ಗಿರಣಿಯ ಗೋದಾಮನ್ನು ವರ್ಣಿಸಿದೆ, ಮಳೆಯ ಸದ್ದನ್ನು ವರ್ಣಿಸಿದೆ, ಸಂಸ್ಥಾಪಕರ ತ್ಯಾಗವನ್ನು ವರ್ಣಿಸಿದೆ. ಎಂಟು ತಿಂಗಳನ್ನು ಬಿಟ್ಟೆ. ಬಳೆಗಳನ್ನು ಬಿಟ್ಟೆ. ಯಾರೂ ಬಿಡಿರೆಂದು ಹೇಳಿರಲಿಲ್ಲ. ಆ ಬಗೆಯ ಲೇಖನಕ್ಕೆ ಅದು ಹೊಂದುವುದಿಲ್ಲವೆಂದು ನನ್ನ ಕೈಯೇ ತಿಳಿದುಕೊಂಡಿತ್ತು. ಮ್ಯಾಥ್ಯೂಸರ ಮೇಲೆ ನಾನು ಹೊರಿಸಿದ ದೋಷ ನನ್ನದೂ ಹೌದು.

ಪ್ರತಿಫಲವೇನೂ ಇರಲಿಲ್ಲವೇ ಎಂದರೆ, ಇತ್ತು. ಎರಡನೆಯ ವರ್ಷದ ಆಷಾಢದಲ್ಲಿ ಒಂದು ಸೋಮವಾರ ನಾವು ಹೋಗುವ ಹೊತ್ತಿಗೆ ಹತ್ತನೆಯ ತರಗತಿಯ ಮಕ್ಕಳು ಗೋದಾಮಿನೊಳಗೆ ನುಗ್ಗಿದ್ದ ನೀರನ್ನು ಹೊರಹಾಕಿ, ಬೆಂಚುಗಳನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಗಂಟೆ ಬಾರಿಸಿ ತಾವೇ ಕುಳಿತಿದ್ದರು. ಕಟ್ಟಡವಿದ್ದ ಯಾವ ಶಾಲೆಯಲ್ಲಿಯೂ ಅನಂತರ ನಾನು ಅದನ್ನು ಕಂಡಿಲ್ಲ. ಜೇಕಬ್ಸರ ಪುಸ್ತಕದಲ್ಲಿ 2004ರಲ್ಲಿ ಮೊದಲ ತಂಡ ಶಾಲೆ ಮುಗಿಸಿ ಕಾಲೇಜಿಗೆ ಹೊರಡುವ ಪುಟಗಳನ್ನು ಓದುವಾಗ ನನಗೆ ನೆನಪಾದದ್ದು ಆ ಬೆಂಚುಗಳು.

ಮೂರನೆಯದು ರಾಬರ್ಟ್ ಪಾಂಡಿಶಿಯೊ 2019ರಲ್ಲಿ ಹೊರತಂದ 'ಹೌ ದಿ ಅದರ್ ಹಾಫ್ ಲರ್ನ್ಸ್'. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಹೇಳಿದ್ದ ಈತ, ಅಲ್ಲಿಗೆ ಹತ್ತಿರದಲ್ಲಿಯೇ ಇರುವ 'ಸಕ್ಸೆಸ್ ಅಕಾಡೆಮಿ'ಯ ಶಾಲೆಯೊಂದರಲ್ಲಿ ಒಂದು ವರ್ಷ ಕುಳಿತು ನೋಡಿ ಬರೆದದ್ದು. ಆ ಶಾಲೆಗಳ ಸಂಸ್ಥಾಪಕಿ ಈವಾ ಮಾಸ್ಕೋವಿಟ್ಸ್ ಹಿಂದೆ ನಗರ ಸಭೆಯ ಸದಸ್ಯೆಯಾಗಿದ್ದವರು; 2006ರಲ್ಲಿ ಹಾರ್ಲೆಮ್ಮಿನಲ್ಲಿ ಮೊದಲ ಶಾಲೆ ತೆರೆದರು. ಅಲ್ಲಿಯ ಪರೀಕ್ಷಾ ಫಲಿತಾಂಶಗಳು ಶ್ರೀಮಂತರ ಬಡಾವಣೆಗಳ ಶಾಲೆಗಳನ್ನೂ ಮೀರಿಸುತ್ತವೆ. ಹೇಗೆ? ಪಾಂಡಿಶಿಯೊ ಕಂಡ ಉತ್ತರ ಎರಡು ಕಡೆಯವರಿಗೂ ಇರಿಸುಮುರಿಸಿನದು. ಚೀಟಿ ಎತ್ತುವುದೇನೋ ನಿಜ. ಆದರೆ ಚೀಟಿ ಬಂದ ಮೇಲೆ ತಾಯಿತಂದೆಯರ ಸಭೆಗಳು, ಸಮವಸ್ತ್ರದ ಅಳತೆ, ಬೆಳಗ್ಗೆ ನಿಮಿಷ ತಪ್ಪದೆ ಬರಬೇಕೆಂಬ ಕಟ್ಟುಪಾಡು, ಪ್ರತಿ ರಾತ್ರಿ ಮಗುವಿಗೆ ಓದಿ ಹೇಳಬೇಕೆಂಬ ನಿಯಮ. ಇವನ್ನೆಲ್ಲ ತಾಳುವ ಮನೆಗಳು ಉಳಿಯುತ್ತವೆ. ತಾಳಲಾರದವು ತಾವಾಗಿಯೇ ಸರಿಯುತ್ತವೆ. ಶಾಲೆ ಮಕ್ಕಳನ್ನು ಆರಿಸುವುದಿಲ್ಲ. ಮನೆಗಳನ್ನು ಜರಡಿ ಹಿಡಿಯುತ್ತದೆ. ಇಷ್ಟನ್ನು ಹೇಳಿ ಲೇಖಕ, ಉಳ್ಳವರು ತಮ್ಮ ಮಕ್ಕಳಿಗೆ ಜೊತೆಗಾರರನ್ನು ಹಣದಿಂದ ಆರಿಸಿಕೊಳ್ಳುವಾಗ ಬಡ ತಾಯಿತಂದೆಯರು ಶ್ರದ್ಧೆಯಿಂದ ಆರಿಸಿಕೊಂಡರೆ ತಪ್ಪೇನು ಎಂದು ತಿರುಗಿ ಕೇಳುತ್ತಾನೆ.

ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ನನಗೆ ಜರಡಿಯಿಂದ ಕೆಳಗೆ ಬಿದ್ದ ಮನೆಯ ಮಗುವಿನದೇ ಯೋಚನೆ. ಮದ್ಯಪಾನಿ ತಂದೆಯ, ರಾತ್ರಿಪಾಳಿಯ ತಾಯಿಯ ಮಗುವಿಗೆ ಓದಿ ಹೇಳುವವರಾರು? ಶ್ರದ್ಧೆಯಿಲ್ಲದ್ದು ಮನೆಯದು, ಬೆಲೆ ತೆರುವುದು ಮಗು. ಚೀಟಿಯ ಅದೃಷ್ಟವನ್ನು ನಾವೂ ಅರಿಯದವರಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಬಡ ಮಕ್ಕಳಿಗೆ ತೆರೆದಾಗ ನಮ್ಮ ಬೀದಿಯ ಹೂ ಮಾರುವಾಕೆ ಚೀಟಿಯ ದಿನ ದೇವಸ್ಥಾನಕ್ಕೆ ಮೂರು ಸಲ ಹೋಗಿಬಂದದ್ದನ್ನು ಕಂಡಿದ್ದೇನೆ. ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಹತ್ತಿರವಿರುವ ಕಡೆಗಳಲ್ಲಿ ಖಾಸಗಿ ಶಾಲೆಗಳಿಗೆ ಈ ಹೊಣೆಯಿಲ್ಲವೆಂದು ಕರ್ನಾಟಕದಲ್ಲಿ 2019ರ ಹೊತ್ತಿಗೆ ನಿಯಮ ತಿದ್ದಿದ ಮೇಲೆ ಆ ಅದೃಷ್ಟವೂ ಬಹಳ ಕಿರಿದಾಯಿತು.

ಇನ್ನು, ಇವೆಲ್ಲ ಸೇರಿ ಸಾಧಿಸಿದ್ದೇನೆಂದು ಅಂಕಿ ಕೇಳುವವರಿಗೆ ಎರಡು ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಒಂದು ಕೇಂದ್ರ 2009ರಲ್ಲಿ ಗಣಿತವನ್ನು ಹಿಡಿದು ಲೆಕ್ಕ ಹಾಕಿದಾಗ ನೂರಕ್ಕೆ 17 ಚಾರ್ಟರ್ ಶಾಲೆಗಳು ನೆರೆಯ ಶಾಲೆಗಳಿಗಿಂತ ಮೇಲಾಗಿಯೂ 37 ಕೀಳಾಗಿಯೂ ಕಂಡುಬಂದುವು, ಉಳಿದವು ಸರಿಸಮ. ಅದೇ ಕೇಂದ್ರ 2023ರಲ್ಲಿ ಮತ್ತೆ ನೋಡಿದಾಗ ಸರಾಸರಿಯಲ್ಲಿ ಇವು ತುಸು ಮುಂದಿದ್ದುವು: ಓದಿನಲ್ಲಿ ವರ್ಷಕ್ಕೆ 16 ದಿನಗಳ, ಗಣಿತದಲ್ಲಿ 6 ದಿನಗಳ ಕಲಿಕೆಯಷ್ಟು. ಹದಿನಾರು ದಿನ! ಸ್ಮರಣಸಂಚಿಕೆಗೆ ಇದು ಸಾಲದು. ಆದರೆ ಇಷ್ಟು ಮುಂದೆ ಬರುವುದಕ್ಕೂ ಹಲವು ಶಾಲೆಗಳು ಮುಚ್ಚಬೇಕಾಯಿತು, ಮತ್ತು ಮುಚ್ಚಿದ ಒಂದೊಂದು ಶಾಲೆಯ ಮಕ್ಕಳೂ ಬೇರೆ ಕಡೆ ಹೋಗಿ ಮೊದಲಿಂದ ಆರಂಭಿಸಬೇಕಾಯಿತು. ಮುಚ್ಚಿಹೋದ ಶಾಲೆಯ ಸಂಸ್ಥಾಪಕರು ಬರೆದ ಪುಸ್ತಕ ಈ ಮೂರರಲ್ಲಿ ಒಂದೂ ಇಲ್ಲ. ನನ್ನ ವಿದ್ಯಾರ್ಥಿನಿಗೆ ಇದನ್ನು ಹೇಳಿದಾಗ ಆಕೆ ನಕ್ಕು, ತೆರೆಯಲಾಗದ ಶಾಲೆಯ ಕಥೆಯನ್ನು ತಾನು ಬರೆಯಬಲ್ಲೆ ಎಂದಳು. ಬರೆ ಎಂದಿದ್ದೇನೆ.

ಜೇಕಬ್ಸರ ಪುಸ್ತಕ ಕನ್ನಡಕ್ಕೆ ಬರುವುದು ಒಳ್ಳೆಯದು. ಗಾನಾಸ್ ಎಂಬ ಮಾತನ್ನು ಅನುವಾದಕರು ಹಾಗೆಯೇ ಉಳಿಸಿಕೊಂಡರೂ ನಷ್ಟವಿಲ್ಲ. ನನ್ನ ಆ ಗೋದಾಮಿನ ಶಾಲೆಗೆ ಈಗ ಬೆಳ್ಳಿಹಬ್ಬ ಬಂದಿದೆ. ಸಂಚಿಕೆಗೆ ಮತ್ತೆ ಲೇಖನ ಕೇಳಿದ್ದಾರೆ. ಮೊದಲ ಎರಡು ವರ್ಷಗಳ ಸಂಬಳದ ಪುಸ್ತಕ ನೋಡಲು ಸಿಕ್ಕೀತೇ ಎಂದು ಕಾರ್ಯದರ್ಶಿಗಳಿಗೆ ಕಾಗದ ಬರೆದು ಹದಿನೈದು ದಿನಗಳಾದುವು.